ಹಿಂದಿನ ಕೋಣೆಯ ವಿಳಾಸ

ಸೆಪ್ಟೆಂಬರ್ 4, 1997, ಗುರುವಾರ

ನಾನು ಓಡಿಸುವ ಹದಿನಾಲ್ಕನೇ ನಂಬರ್ ಶಾಲಾ ಬಸ್ಸಿನ ಬ್ರೇಕು ಇನ್ನೂ ಕಿರುಚುತ್ತಿದೆ. ಮೆಕ್ಯಾನಿಕ್‌ಗೆ ಹೇಳಿದ್ದು ಇದು ಮೂರನೇ ಸಲ. ಬೆಳಗಿನ ಸುತ್ತಿನಲ್ಲಿ ಮಕ್ಕಳು ಮೂವತ್ತೊಂದು.

ಮನೆಗೆ ಬಂದು ಬೂಟು ಬಿಚ್ಚುವಷ್ಟರಲ್ಲಿ ಫೋನು. ಜೈಲಿನಿಂದ, ತಮ್ಮ ಕ್ಲೋವಿಸ್. ಏಡಿ ಕೊಳ್ಳುವ ದಲ್ಲಾಳಿ ತೂಕದಲ್ಲಿ ಮೋಸ ಮಾಡಿದನಂತೆ. ಇವನು ದೋಣಿಯ ಹುಟ್ಟಿನಿಂದ ತಲೆಗೆ ಹೊಡೆದನಂತೆ. ದಲ್ಲಾಳಿ ಬದುಕುತ್ತಾನೆ.

"ಅಕ್ಕ, ಬಿಡಿಸು. ಇಲ್ಲಿ ಕಿಟಕೀನೇ ಇಲ್ಲ."

ಜಾಮೀನು ಇಪ್ಪತ್ತು ಸಾವಿರ ಡಾಲರ್. ನನ್ನ ಹತ್ತಿರ ಇರುವುದು ಮೂರು ಸಾವಿರ.

ಸೆಪ್ಟೆಂಬರ್ 5, ಶುಕ್ರವಾರ

ಜೈಲಿನ ಎದುರು ಸಾಲಾಗಿ ಐದು ಜಾಮೀನು ಅಂಗಡಿ. ಮೊದಲನೆಯವನು ಏನನ್ನೂ ವಿವರಿಸದೆ "ಸಹಿ ಹಾಕಿ" ಎಂದ. ಎರಡನೆಯವನು ಕ್ಯಾಲೆಂಡರ್ ಕೊಟ್ಟ. ಮೂರನೆಯವನು ಆಲ್ಸೀಡ್ ಎಬೇರ್, ಮುದುಕ. ಕುರ್ಚಿ ಎಳೆದು ಕೂರಿಸಿದ.

"ನೋಡಿ ಮಿಸ್ ಅರ್ಲೀನ್, ನಾನು ಈಗ ದುಡ್ಡು ಕಟ್ಟಲ್ಲ. ಈ ಮನುಷ್ಯ ಕೋರ್ಟಿಗೆ ಬರ್ತಾನೆ ಅಂತ ಜಡ್ಜಿಗೆ ಮಾತು ಕೊಡ್ತೀನಿ, ಅಷ್ಟೆ. ಬರ್ಲಿಲ್ಲ ಅಂದ್ರೆ ಇಪ್ಪತ್ತು ಸಾವಿರ ನನ್ನ ತಲೆ ಮೇಲೆ. ಆಗ ನಾನು ನೀವು ಒತ್ತೆ ಇಡೋ ಮನೆಪತ್ರ ಹಿಡ್ಕೊಂಡು ನಿಮ್ಮ ಬಾಗಿಲಿಗೆ ಬರ್ತೀನಿ."

"ನಾನೀಗ ಕೊಡೋ ಎರಡು ಸಾವಿರದ ನಾನೂರು?"

"ಅದು ನನ್ನ ಕೂಲಿ. ಅವನು ತಪ್ಪೇ ಮಾಡಿಲ್ಲ ಅಂತ ತೀರ್ಪು ಬಂದ್ರೂ ವಾಪಸ್ಸಿಲ್ಲ. ಕೂದಲು ಮತ್ತೆ ಬೆಳೀತು ಅಂದ್ರೆ ಕ್ಷೌರದವನು ದುಡ್ಡು ವಾಪಸ್ ಕೊಡ್ತಾನಾ?"

ಇಷ್ಟು ನೇರವಾಗಿ ಯಾರೂ ಹೇಳಿರಲಿಲ್ಲ. ಒಪ್ಪಿದೆ. ಆಮೇಲೆ ಫಾರಂ. ವಿಳಾಸ?

ಕ್ಲೋವಿಸ್ ಮಲಗುವುದು ದೋಣಿಯಲ್ಲಿ. ಖಾಯಂ ವಿಳಾಸ ಇಲ್ಲದವನಿಗೆ ಜಾಮೀನು ನಿಲ್ಲುವುದಿಲ್ಲ ಎಂದು ಗೋಡೆಯ ಮೇಲೆಯೇ ಬರೆದಿತ್ತು. "ನನ್ನ ಜೊತೆ ಇದ್ದಾನೆ" ಎಂದೆ. ಎಬೇರ್ ಪೆನ್ನು ಕೆಳಗಿಡದೆ ಕೇಳುತ್ತ ಹೋದ. ಯಾವ ಕೋಣೆ? ಹಿಂದಿನದು, ಅಮ್ಮನದು. ಏನೇನಿದೆ? ಕಬ್ಬಿಣದ ಮಂಚ. ಕಿಟಕಿಯಿಂದ ಏನು ಕಾಣುತ್ತದೆ? ಕಾಲುವೆ. ಊಟ? ಅನ್ನ, ಹಂದಿಮಾಂಸದ ಗೊಜ್ಜು, ನಾನೇ ಕೊಡುತ್ತೇನೆ. ಒಂದೊಂದನ್ನೂ ಬರೆದುಕೊಂಡ. ಸಹಿ ಹಾಕಿದೆ.

ಮಂಚ ಐದು ವರ್ಷದ ಹಿಂದಿನ ಚಂಡಮಾರುತದಲ್ಲಿ ಹೋಯಿತು. ಬಾಗಿಲು ನೀರು ಕುಡಿದು ಉಬ್ಬಿ ಅಂದಿನಿಂದ ತೆರೆದಿಲ್ಲ.

ಈ ಮಾರ್ಚಿನಲ್ಲಿ ಅವನೇ ಆ ಕೋಣೆ ಕೇಳಿದ್ದ. ಕುಡಿಯುತ್ತೀಯ, ಬೇಡ ಎಂದಿದ್ದೆ.

ನಾಲ್ಕರಿಂದ ಆರರವರೆಗೆ ಜೈಲಿನ ಮುಂಬಾಗಿಲಲ್ಲಿ ಕಾರಿನಲ್ಲೇ ಕುಳಿತೆ. ಕೊನೆಗೆ ಒಳಗೆ ಹೋಗಿ ಕೇಳಿದರೆ ಪೊಲೀಸಿನವನು ನಕ್ಕ. "ಬಿಡೋರನ್ನ ಹಿಂದಿನ ಗೇಟಿಂದ ಬಿಡ್ತೀವಿ ಮೇಡಂ, ಕಾಲುವೆ ಕಡೆಯಿಂದ. ಅವನು ನಾಲ್ಕೂವರೆಗೇ ಹೋದ."

ದೋಣಿಯಲ್ಲೂ ಇಲ್ಲ.

ಸೆಪ್ಟೆಂಬರ್ 8, ಸೋಮವಾರ

ಜಾಮೀನಿನಲ್ಲಿರುವವರು ಪ್ರತಿ ಸೋಮವಾರ ಮೂರು ಗಂಟೆಗೆ ಎಬೇರ್ ಕಚೇರಿಗೆ ಫೋನು ಮಾಡಿ ಎಲ್ಲಿದ್ದೇವೆಂದು ಹೇಳಬೇಕು. ಮಾಡದಿದ್ದರೆ ಹುಡುಕಲು ಜನ ಹೊರಡುತ್ತಾರೆ. ಮೂರಕ್ಕೆ ನಾನು ಬಸ್ಸಿನಲ್ಲಿ. ಮಕ್ಕಳು ಏನು ಗಲಾಟೆ ಮಾಡಿದರೋ ಕಿವಿಗೆ ಬೀಳಲಿಲ್ಲ.

ಐದಕ್ಕೆ ಕಚೇರಿಗೆ ಓಡಿದೆ. ಗುಮಾಸ್ತೆ ವನೀಟಾ ಪುಸ್ತಕ ತೋರಿಸಿದಳು. "ನಿಮ್ಮ ತಮ್ಮ ಮಾಡಿದ್ರಲ್ಲ ಮಿಸ್ ಅರ್ಲೀನ್. ಮೂರಕ್ಕೆ ಎರಡು ನಿಮಿಷ ಇತ್ತು. ಒಳ್ಳೆ ಮನುಷ್ಯ, ನೆಗಡಿ ಆದಂಗಿತ್ತು."

ಬದುಕಿದೆ. "ಎಲ್ಲಿಂದ?"

"ನಿಮ್ಮನೆಯಿಂದಾನೇ. ಯಾರು ಫೋನ್ ಮಾಡಿದ್ರೂ ಅವ್ರ ನಂಬರ್ ಈ ಡಬ್ಬೀಲಿ ಬರತ್ತೆ, ನೋಡಿ."

ನನ್ನದೇ ನಂಬರು. ಮನೆಗೆ ಬಂದು ನೋಡಿದರೆ ಬೀಗ ಹಾಕಿದ್ದು ಹಾಕಿದಂತೆಯೇ ಇತ್ತು. ಬೀಗದ ಕೈ ಇರುವುದು ಒಂದೇ, ನನ್ನ ಕೊರಳಲ್ಲಿ.

ಸೆಪ್ಟೆಂಬರ್ 16, ಮಂಗಳವಾರ

ನಿನ್ನೆಯೂ ಮಾಡಿದ್ದಾನೆ. ವನೀಟಾ ಓದಿ ಹೇಳಿದಳು — ಹಿಂದಿನ ಕೋಣೆಯಲ್ಲಿದ್ದೇನೆ. ಕಬ್ಬಿಣದ ಮಂಚ. ಕಿಟಕಿಯಿಂದ ಕಾಲುವೆ ಕಾಣುತ್ತದೆ. ಅಕ್ಕ ಅನ್ನ, ಗೊಜ್ಜು ಕೊಡುತ್ತಾಳೆ.

"ಒಂದು ವಿಚಿತ್ರ ಹೇಳ್ಲಾ? ನೀವು ಫಾರಂನಲ್ಲಿ ಬರೆಸಿದ್ದನ್ನೇ ಹೇಳ್ತಾರೆ. ಒಂದು ಮಾತು ಹೆಚ್ಚಿಲ್ಲ, ಕಡಿಮೆ ಇಲ್ಲ."

ಮನೆಗೆ ಬಂದು ಸನಿಕೆ ಹಾಕಿ ಮೀಟಿ ಹಿಂದಿನ ಕೋಣೆಯ ಬಾಗಿಲು ತೆರೆದೆ. ಖಾಲಿ. ಧೂಳು. ಧೂಳಿನಲ್ಲಿ ನಾಲ್ಕು ಚಿಕ್ಕ ಗುರುತು, ಆಯತವಾಗಿ. ಮಂಚದ ಕಾಲು ಊರಿದಂತೆ. ಹಳೆಯವಿರಬೇಕು.

ಅಳತೆ ಟೇಪು ತಂದು ಅಳೆದೆ. ಆರು ಅಡಿ, ಎರಡೂವರೆ ಅಡಿ. ಅಳೆದು ಏನು ಮಾಡಬೇಕೆಂದಿದ್ದೆನೋ ಗೊತ್ತಿಲ್ಲ.

ಸೆಪ್ಟೆಂಬರ್ 25, ಗುರುವಾರ

ಜೈಲಿನ ಹಿಂದಿನ ಕಾಲುವೆಯಲ್ಲಿ ಹೆಣ ಸಿಕ್ಕಿದೆ. ಗುರುತಿಸಲು ಕರೆದರು. ಮುಖ ನೋಡಬೇಡಿ ಎಂದರು, ನೋಡಲಿಲ್ಲ. ಎಡಗೈ ಸಾಕಾಯಿತು. ಕಿರುಬೆರಳು ಇರಲಿಲ್ಲ, ಹಿಂದೊಮ್ಮೆ ಬಲೆಯ ರಾಟೆಗೆ ಸಿಕ್ಕಿ ತುಂಡಾಗಿತ್ತು. ಜೇಬಿನಲ್ಲಿ, ಪ್ಲಾಸ್ಟಿಕ್ ಚೀಲದಲ್ಲಿ, ಬಿಡುಗಡೆಯ ಚೀಟಿ.

ಕಟ್ಟೆಯ ಮೇಲೆ ಕಾಲು ಜಾರಿರಬೇಕು ಎಂದರು ಡಾಕ್ಟರು. ಸತ್ತು ಇಪ್ಪತ್ತು ದಿನ. ಅಂದರೆ ಐದನೇ ತಾರೀಖು. ನಾನು ಮುಂಬಾಗಿಲಲ್ಲಿ ಕಾಯುತ್ತಿದ್ದಾಗ.

ಮೊನ್ನೆ ಸೋಮವಾರವೂ ಫೋನು ಬಂದಿತ್ತು.

ಸೆಪ್ಟೆಂಬರ್ 26

ಎಬೇರ್ ಟೋಪಿ ತೆಗೆದು ಮಾತಾಡಿದ. "ಸತ್ತೋರ ಮೇಲೆ ಜಾಮೀನು ನಿಲ್ಲಲ್ಲ. ಮರಣಪತ್ರ ತನ್ನಿ, ಬರೋ ಆರನೇ ತಾರೀಖು ಅವನ ಕೇಸು ಕೋರ್ಟಿಗೆ ಬರತ್ತೆ, ಆಗ ಜಡ್ಜಿಗೆ ಕೊಡ್ತೀನಿ. ನಿಮ್ಮ ಮನೆ ನಿಮ್ಗೆ."

"ಮೂರು ಸೋಮವಾರ ಫೋನ್ ಮಾಡಿದ್ದು ಯಾರು?"

ಅವನು ವನೀಟಾಳನ್ನು ನೋಡಿದ. ವನೀಟಾ ಪುಸ್ತಕ ಮುಚ್ಚಿದಳು. "ಅದೇ ದನಿ. ಜೈಲಲ್ಲಿ ಸಹಿ ತಗೊಳ್ಳುವಾಗ ನಾನೇ ಮಾತಾಡ್ಸಿದ್ದೆ."

ಹೊರಡುವಾಗ ಬಾಗಿಲವರೆಗೂ ಬಂದಳು. "ಮರಣಪತ್ರದಲ್ಲಿ ಕೊನೇ ವಿಳಾಸ ಕೇಳ್ತಾರೆ. ನಿಜ ಬರೆಸಿ. ನಂಗೊತ್ತು, ದೋಣಿ ಅಂತ ಬರೆಸಿ. ಮುದುಕ ಏನೂ ಅನ್ನಲ್ಲ. ಆ ಫಾರಂನ ಮಾತು ಹಿಡ್ಕೊಂಡೇ ನಿಮ್ಮ ತಮ್ಮ ಆ ಕೋಣೇಲಿದ್ದಾರೆ ಅನ್ಸತ್ತೆ ನಂಗೆ."

ಅಕ್ಟೋಬರ್ 3, ಶುಕ್ರವಾರ

ಮಂಗಳವಾರ ಮಣ್ಣು ಮಾಡಿದೆವು. ಏಳು ಜನ ಬಂದಿದ್ದರು. ತಲೆಗೆ ಪಟ್ಟಿ ಕಟ್ಟಿಕೊಂಡು ದಲ್ಲಾಳಿಯೂ. ಹಿಂದಿನ ದಿನದ ಫೋನಿನ ವಿಷಯ ವನೀಟಾ ಹೇಳಲಿಲ್ಲ, ನಾನು ಕೇಳಲಿಲ್ಲ.

ಇವತ್ತು ದಾಖಲೆ ಕಚೇರಿ. ಗಾಜಿನ ಹಿಂದಿನ ಹುಡುಗಿ ಕೇಳಿದಳು, "ಕೊನೇ ವಿಳಾಸ?"

ದೋಣಿ ಎಂದರೆ ಮುಗಿಯಿತು. ಬಾಯಿಗೆ ಬಂದಿತ್ತು. ಹಿಂದೆ ಕ್ಯೂನಲ್ಲಿದ್ದವನು ಕೆಮ್ಮಿದ.

ಮಾರ್ಚಿನಲ್ಲಿ ಅವನು ಮೆಟ್ಟಿಲ ಮೇಲೆ ನಿಂತು ಕೇಳಿದ್ದ, ಟೋಪಿ ಕೈಯಲ್ಲಿ ಹಿಡಿದು. ಒಳಗೆ ಬಾ ಎಂದೂ ಅನ್ನಲಿಲ್ಲ ನಾನು.

ಮನೆಯ ವಿಳಾಸ ಹೇಳಿದೆ. "ಹಿಂದಿನ ಕೋಣೆ."

"ಕೋಣೆ ಬರೆಯೋಕೆ ಜಾಗ ಇಲ್ಲ ಮೇಡಂ."

"ಎಲ್ಲಾದ್ರೂ ಅಂಚಿನಲ್ಲಿ ಬರಿಯಮ್ಮ."

ಬರೆದಳು.

ಬರುವ ದಾರಿಯಲ್ಲಿ ಹಳೆಯ ಸಾಮಾನಿನ ಅಂಗಡಿಯಲ್ಲಿ ಕಬ್ಬಿಣದ ಮಂಚ ಕೊಂಡೆ. ಕಾಲುಗಳನ್ನು ಆ ಗುರುತಿನ ಮೇಲೇ ಇಟ್ಟೆ. ಸರಿಯಾಗಿ ಕೂತವು. ಕಿಟಕಿ ಒರೆಸಿದೆ. ಕಾಲುವೆ ಚೆನ್ನಾಗಿ ಕಾಣುತ್ತದೆ.

ಅಕ್ಟೋಬರ್ 6, ಸೋಮವಾರ

ರಜೆ ಹಾಕಿದೆ. ಬೆಳಗ್ಗೆ ಕೋರ್ಟು. ಹೆಸರು ಕೂಗಿದರು, ಯಾರೂ ಓಗೊಡಲಿಲ್ಲ. ಎಬೇರ್ ಕಾಗದ ಕೊಟ್ಟ. ಜಡ್ಜಿ ಮೊಹರು ಒತ್ತಿದರು. ಮನೆಪತ್ರ ವಾಪಸ್ಸು ಬಂತು.

3.10

ಎರಡೂವರೆಯಿಂದ ಅಡುಗೆಮನೆಯಲ್ಲಿ ಫೋನಿನ ಪಕ್ಕದಲ್ಲೇ ಕುಳಿತಿದ್ದೇನೆ. ಮನೆಯಲ್ಲಿರುವ ಫೋನು ಇದೊಂದೇ. ಯಾರೂ ಮುಟ್ಟಲಿಲ್ಲ.

ಈಗ ವನೀಟಾ ಫೋನು ಮಾಡಿದ್ದಳು. "ಮಿಸ್ ಅರ್ಲೀನ್, ಬಂತು. ಇವತ್ತೂ ನಿಮ್ಮ ನಂಬರೇ."

"ಏನಂದ?"

"ಇವತ್ತು ಫಾರಂನಲ್ಲಿಲ್ಲದ್ದು ಹೇಳಿದ್ರು. ಇನ್ಮೇಲೆ ಫೋನ್ ಮಾಡಲ್ಲ, ಕೆಲ್ಸ ಮುಗೀತು ಅಂದ್ರು. ಅಕ್ಕ ಊಟಕ್ಕೆ ಕರೀತಿದ್ದಾಳೆ ಅಂದ್ರು."

ನಾನಿನ್ನೂ ಕರೆದಿರಲಿಲ್ಲ.

3.40

ಅನ್ನ ಆಯಿತು. ಗೊಜ್ಜು ಬಿಸಿ ಇದೆ. ಎರಡು ತಟ್ಟೆ ಇಟ್ಟೆ. ಅವನ ಹೆಸರು ಹಿಡಿದು ಕರೆದೆ, ಒಂದೇ ಸಲ, ದೊಡ್ಡದಾಗೇನೂ ಅಲ್ಲ.

ಮಂಚ ಕಿರುಗುಟ್ಟಿತು. ಎದ್ದು ಕುಳಿತರೆ ಆಗುವಂತೆ. ಒದ್ದೆ ಕಾಲು ನೆಲದ ಮೇಲೆ — ಒಂದು, ಇನ್ನೊಂದು. ಬಾಗಿಲು ನಾನು ಮುಚ್ಚಿಲ್ಲ, ಅದು ಅವನಿಗಾಗಿ ತೆರೆದೇ ಇದೆ.