ಸೋದರಮಾವನಿಗೆ ಆಗಿಬರದ ಎರಡು ಹಾಲುಹಲ್ಲು

ಹಿಡಕಲ್

ಪೈಲ್ವಾನ ಸೋಮಲಿಂಗನಿಗೆ,

ನಿನ್ನೆ ನೀನು ಫೋನಿನಲ್ಲಿ ಹೇಳಿದ್ದಕ್ಕೆ ಉತ್ತರ ಕೊಡಲಿಲ್ಲ. ಬಾಯಿಗೆ ಬಂದದ್ದನ್ನು ಅಂದುಬಿಟ್ಟೇನೆಂದು ಫೋನು ಇಟ್ಟೆ. ಸಿಟ್ಟು ಇಂದೂ ಇಳಿದಿಲ್ಲ, ಆದರೂ ಬರೆಯುತ್ತಿದ್ದೇನೆ.

“ಅಕ್ಕಾ, ನಂದಾಂದು ಮ್ಯಾಲಿನ ಹಲ್ಲು ಎರಡೂ ಬಿದ್ದೂವಂತಲ್ಲ. ಕಂಟಕ ಕಳೀತು. ಆ ಹಲ್ಲು ತಗೊಂಡು ಹುಡುಗೀನ್ನ ಘೋಡಗೇರಿಗೆ ಕರಕೊಂಡು ಬಾ. ಶಾಸ್ತ್ರ ಮಾಡಿ ಅಕಿ ಮಾರಿ ನೋಡತೇನಿ” ಅಂದೆ. ಆರೂವರೆ ವರ್ಷದ ಮೇಲೆ! ನಿನ್ನ ದನಿಯಲ್ಲಿ ಎಂಥ ಔದಾರ್ಯ.

ನನ್ನ ಮಗಳು ನಂದಾ ಎಂಟು ತಿಂಗಳ ಕೂಸಾಗಿದ್ದಾಗ ಅವ್ವ ಅದರ ಬಾಯಲ್ಲಿ ಬೆರಳಾಡಿಸಿ ನೋಡಿದ್ದು ನೆನಪಿದೆಯೇ? ಕೆಳಗಿನ ವಸಡು ಖಾಲಿ, ಮೇಲೆ ಜೋಳದ ನುಚ್ಚಿನಷ್ಟು ಎರಡು ಹಲ್ಲು. “ಮ್ಯಾಲಿನ ಹಲ್ಲು ಮೊದಲ ಬಂದ್ರ ಸೋದರಮಾವಗ ಆಗಿಬರೂದಿಲ್ಲ” ಎಂದು ಮೆಲ್ಲಗೆ ಅಂದಳು. ಅವ್ವ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ, ಅಂದಳು, ಬಿಡು. ನೀನು? ಗೋಕಾಕದ ಕುಸ್ತಿ ಕಣದಲ್ಲಿ ನಿನ್ನ ಎರಡರಷ್ಟು ಇದ್ದವನನ್ನು ಚಿತ್ ಮಾಡಿದವನು, ಹೆಗಲ ಮೇಲೆ ಗದೆ ಹೊತ್ತು ಮೂಡಲಗಿ ತುಂಬ ಬ್ಯಾನರ್ ಹಾಕಿಸಿಕೊಂಡವನು, ಉಣ್ಣುತ್ತಿದ್ದ ತಾಟು ಬಿಟ್ಟು ಎದ್ದೆ. ಕೈ ಕೂಡ ತೊಳೆಯಲಿಲ್ಲ. ಗಾಡಿ ಚಾಲೂ ಮಾಡಿದ ಸಪ್ಪಳವಷ್ಟೇ ನಮಗೆ ಕೇಳಿಸಿತು. ಆ ಹಲ್ಲು ಬೀಳುವವರೆಗೆ ಕೂಸಿನ ಮುಖ ನೋಡಬಾರದೆಂದು ಅಂಕಲಗಿಯ ಯಾವನೋ ಶಾಸ್ತ್ರಿ ಹೇಳಿದನಂತೆ.

ಜಾವಳದ ದಿನ ಮೊದಲ ಕೂದಲು ತೆಗೆಯುವಾಗ ಕೂಸನ್ನು ಕೂರಿಸಲು ಸೋದರಮಾವನ ತೊಡೆ ಬೇಕಿತ್ತು. ನೀನು ಬಸ್ಸಿನ ಕಂಡಕ್ಟರನ ಕೈಯಲ್ಲಿ ಒಂದು ಫ್ರಾಕು ಕಳಿಸಿದೆ. ಆಗ ನಮ್ಮ ಮನೆಯವರ ಜೊತೆ ಡ್ಯಾಮಿನ ಗೇಟಿನ ಕೆಲಸ ಮಾಡುವ ಕೆಂಚಪ್ಪ, “ನಾ ಕೂಡತೇನ್ರಿ ಅಕ್ಕಾರ, ನನಗೇನಾಗತೈತಿ” ಎಂದು ಕಾಲು ಮಡಚಿ ಕುಳಿತ. ಮೈಯಲ್ಲಿ ಐವತ್ತು ಕೆಜಿಯಿಲ್ಲದ ಮನುಷ್ಯ. ಅವನಿಗೆ ಇಂದಿನವರೆಗೂ ಒಂದು ನೆಗಡಿ ಕೂಡ ಬಂದದ್ದು ನಾನು ಕಂಡಿಲ್ಲ.

ಇದನ್ನೆಲ್ಲ ನಕ್ಕು ಮರೆಯುತ್ತಿದ್ದೆನೇನೋ. ಅವ್ವ ತೀರಿಕೊಂಡ ದಿನವನ್ನು ಮಾತ್ರ ಮರೆಯಲಾರೆ. ನಂದಾಗೆ ಆಗ ನಾಲ್ಕು ವರ್ಷ. ಅಜ್ಜಿಯ ಮಗ್ಗುಲಲ್ಲಿ ಅವಳ ಕೈ ಹಿಡಿದು ಕುಳಿತಿದ್ದಳು. ನೀನು ಹೊಸ್ತಿಲ ಹೊರಗೇ ಮುಖ ತಿರುಗಿಸಿ ನಿಂತು, “ಆ ಹುಡುಗಿ ಮಾರಿ ಮುಚ್ಚರಿ, ಇಲ್ಲಂದ್ರ ನಾ ಒಳಗ ಬರೂದಿಲ್ಲ” ಎಂದು ಕೂಗಿದೆ. ಅವ್ವನ ಹೆಣದ ಮುಂದೆ ಜಗಳ ಬೇಡವೆಂದು ನಾನೇ ಅವಳ ಮುಖಕ್ಕೆ ಸೆರಗು ಹಾಕಿದೆ. ಸೆರಗಿನೊಳಗಿಂದ ಅವಳು ಕೇಳಿದಳು: “ಅವ್ವಾ, ನನ್ನ ಮಾರಿಗೆ ಏನಾಗೇತಿ?”

ನಿನಗೆ ಹೇಸುವ ಮೊದಲು ಸೆರಗು ಎಳೆದ ನನ್ನ ಕೈಗೆ ಹೇಸಿದ್ದೇನೆ, ತಮ್ಮಾ.

ಕಳೆದ ವಾರ ಶಾಲೆಯಲ್ಲಿ ಟೀಚರು ಹಾಲುಹಲ್ಲಿನ ಮಾತು ತೆಗೆದರಂತೆ. ಒಂದು ದೇಶದಲ್ಲಿ ದಿಂಬಿನಡಿ ಇಟ್ಟ ಹಲ್ಲನ್ನು ಇಲಿ ಒಯ್ದು ಉಡುಗೊರೆ ಇಡುತ್ತದಂತೆ, ಇನ್ನೊಂದು ಕಡೆ ಸೂರ್ಯನತ್ತ ಎಸೆದು ಹೊಸದನ್ನು ಬೇಡುತ್ತಾರಂತೆ. ಜಪಾನಿನಲ್ಲಿ ಕೆಳಗಿನದನ್ನು ಮಾಡಿನ ಮೇಲೆ, ಮೇಲಿನದನ್ನು ನೆಲದಡಿಗೆ ಹಾಕುತ್ತಾರಂತೆ, ಹೊಸದು ಅತ್ತಲೇ ನೆಟ್ಟಗೆ ಬೆಳೆಯಲೆಂದು. ಎಲ್ಲ ಮಕ್ಕಳ ಖುಷಿಗೆ. ನಮ್ಮ ಹುಡುಗಿ ಎದ್ದು ನಿಂತು, “ಹಲ್ಲಿಗೆ ಅಂಜಿ ಮಾಮಾ ಅಡಗಿ ಕೂಡೂದು ಯಾವ ದೇಶದಾಗರಿ ಟೀಚರ?” ಎಂದಳಂತೆ. ಅವಳಿಗೆ ಯಾರು ಹೇಳಿದ್ದರೋ. ಟೀಚರು ನನ್ನನ್ನು ಕರೆಸಿ, ಅದು ಯಾವ ದೇಶವೆಂದು ಕೇಳಿದರು. ಇಲ್ಲೇರಿ, ಬಸ್ಸಿನಲ್ಲಿ ಒಂದು ತಾಸಿನ ದಾರಿ ಎಂದೆ.

ನೀನು ಕೇಳಿದ ಹಲ್ಲುಗಳು ಈಗಿಲ್ಲ. ಒಂದು ಪೇರಲ ಹಣ್ಣು ಕಚ್ಚುವಾಗ ಬಿದ್ದು ಅವಳ ಹೊಟ್ಟೆ ಸೇರಿತು. ಇನ್ನೊಂದನ್ನು ನಮ್ಮ ಕಡೆಯ ರೂಢಿಯಂತೆ ಸಗಣಿಯ ಉಂಡೆಯಲ್ಲಿಟ್ಟು ಮನೆಯ ಹಂಚಿನ ಮೇಲೆ ಎಸೆದಳು.

ನೀನು ಕರೆದದ್ದನ್ನು ಅವಳಿಂದ ಮುಚ್ಚಿಡಲಿಲ್ಲ. ಕೇಳಿ, ನಾಲಿಗೆಯಿಂದ ಮೇಲಿನ ವಸಡು ಸವರಿಕೊಂಡು, “ಬ್ಯಾಡವ್ವಾ” ಅಂದಳು. “ಹೊಸ ಹಲ್ಲು ಬರಾಕತ್ಯಾವು. ಅವೂ ಮ್ಯಾಲಿನ್ವ. ಮಾಮಾ ಮತ್ತ ಅಂಜತಾನ.”

ಅವಳಿಗೆ ನಿನ್ನ ಮೇಲೆ ಸಿಟ್ಟಿಲ್ಲ, ಕನಿಕರ. ಅದನ್ನು ನೀನೇ ಸಂಪಾದಿಸಿದ್ದು, ಇಟ್ಟುಕೋ. ನಾವು ಬರುವುದಿಲ್ಲ.

ನೂರು ವರ್ಷ ಬಾಳು. ನೀನು ಬಯಸಿದ್ದು ಅದೊಂದನ್ನೇ ತಾನೇ, ಅದನ್ನೇ ಹರಸುತ್ತೇನೆ.

ನಂದಾಳ ತಾಯಿ,
ದಾಕ್ಷಾಯಿಣಿ