ಐದನೇ ದಿನದ ಕುಂಚ

ಮಾನ್ಯ ಜಾತಿ ಪರಿಶೀಲನಾಧಿಕಾರಿಗಳೇ,

ಈ ಪತ್ರದ ಮೊದಲ ಎರಡು ಕರಡುಗಳಲ್ಲಿ ಒಂದು ಸಂಗತಿಯನ್ನು ಬಿಟ್ಟಿದ್ದೆ. ಅದಿಲ್ಲದೆ ಪತ್ರ ಚೆನ್ನಾಗಿತ್ತು, ನಾನೂ ಅದರಲ್ಲಿ ಚೆನ್ನಾಗಿ ಕಾಣುತ್ತಿದ್ದೆ. ಸಂಗತಿ ಇದು: ನಿಮ್ಮ ತನಿಖಾಧಿಕಾರಿಯ ಮುಂದೆ ನನ್ನ ಅತ್ತೆ ಕಲ್ಲವ್ವ ಸುಳ್ಳು ಹೇಳಿದರು, ಆ ಸುಳ್ಳನ್ನು ಅವರಿಗೆ ಕಲಿಸಿದವಳು ನಾನು. ಆ ಒಂದು ಮಾತನ್ನು ಹಿಡಿದು, ನನ್ನ ಮಗಳು ರುತುಜಾ ನಮ್ಮ ಜಾತಿಯವಳಲ್ಲ ಎಂಬ ವರದಿ ನಿಮ್ಮ ಮೇಜು ತಲುಪಿದೆ. ಜೂನ್ 23ರ ವಿಚಾರಣೆಯಲ್ಲಿ ನೀವು ಅದನ್ನು ಒಪ್ಪಿದರೆ, ಕೊಲ್ಹಾಪುರದಲ್ಲಿ ಅವಳಿಗೆ ಮೀಸಲಾತಿಯಲ್ಲಿ ತಾತ್ಕಾಲಿಕವಾಗಿ ಸಿಕ್ಕ ನರ್ಸಿಂಗ್ ಸೀಟು ಒಂದು ವರ್ಷ ಓದಿದ ಮೇಲೆ ಹೋಗುತ್ತದೆ.

ನಮ್ಮ ಜಾತಿಯ ಹೆಸರು ನಿಮ್ಮ ಕಡತದಲ್ಲಿದೆ. ಇಲ್ಲಿ ಬರೆಯುವಷ್ಟು ಧೈರ್ಯ ನನಗಿನ್ನೂ ಬಂದಿಲ್ಲ. ಕೈಮಗ್ಗದ ಕಾಲದಲ್ಲಿ ನೇಕಾರರು ಬೀದಿಯುದ್ದಕ್ಕೂ ಹಾಸು ನೂಲು ಬಿಗಿದು, ಗಂಜಿ ಬಳಿದು, ದೊಡ್ಡ ಕುಂಚದಿಂದ ಎಳೆ ಎಳೆ ಬಿಡಿಸುತ್ತಿದ್ದರು. ಹುಲ್ಲಿನ ಬೇರು ಕಿತ್ತು ಆ ಕುಂಚ ಕಟ್ಟುತ್ತಿದ್ದವರು ನಾವು. ಕರ್ನಾಟಕದ ಕಡೆಯಿಂದ ಗಡಿ ದಾಟಿ ಮಹಾಗಾಂವಕ್ಕೆ, ಅಲ್ಲಿಂದ ಇಚಲಕರಂಜಿಗೆ ಬಂದೆವು. ವಿದ್ಯುತ್ ಮಗ್ಗ ಬಂದಿತು, ಕುಂಚ ಬೇಡವಾಯಿತು. ಉಳಿದದ್ದು ಒಂದು ಪದ್ಧತಿ. ಮಗು ಹುಟ್ಟಿದ ಐದನೇ ದಿನ ಮನೆಯ ಹಿರಿಯಳು ಹೊಸ ಕುಂಚವನ್ನು ನೀರಿನಲ್ಲಿ ಅದ್ದಿ, ಮಗುವಿನ ಕುತ್ತಿಗೆಯಿಂದ ಸೊಂಟದವರೆಗೆ ಒಮ್ಮೆ ಮೆಲ್ಲಗೆ ಎಳೆಯುತ್ತಾಳೆ. ಆ ಕುಂಚವನ್ನು ಮಾರುವಂತಿಲ್ಲ.

ರುತುಜಾ ಹುಟ್ಟಿದಾಗ ಕಲ್ಲವ್ವ ಅಂಥದೊಂದು ಕುಂಚ ಕಟ್ಟಿಕೊಂಡು ಮಹಾಗಾಂವದಿಂದ ಬಸ್ಸಿನಲ್ಲಿ ಬಂದರು. ನಾನು ಗಡಹಿಂಗ್ಲಜದಲ್ಲಿ ಎರಡನೇ ಇಯತ್ತೆಯವರೆಗೆ ಕನ್ನಡ ಶಾಲೆ, ಆಮೇಲೆ ಕೊಲ್ಹಾಪುರದ ಹಾಸ್ಟೆಲಿನಲ್ಲಿದ್ದು ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವಳು. ಸೋಂಕಾಗುತ್ತದೆ ಎಂದು ಆಸ್ಪತ್ರೆಯ ಬಾಗಿಲಲ್ಲೇ ಅವರನ್ನು ತಡೆದೆ. ಸೋಂಕಿನ ಭಯ ನಿಜವಾದದ್ದೇ. ಪಕ್ಕದ ಹಾಸಿಗೆಯವರು ನೋಡಿಯಾರು ಎಂಬ ಭಯ ಅದಕ್ಕಿಂತ ದೊಡ್ಡದಾಗಿತ್ತೇ? ಹತ್ತೊಂಬತ್ತು ವರ್ಷಗಳಿಂದ ಈ ಪ್ರಶ್ನೆಯ ಸುತ್ತ ಸುತ್ತುತ್ತಿದ್ದೇನೆ.

ಆಮೇಲೆ ಕಲ್ಲವ್ವ ನಮ್ಮೊಡನೆ ಇರಲು ಬಂದರು. ಬಾಡಿಗೆ ಮನೆ ಹುಡುಕುವಾಗ ಮಾಲೀಕರು, "ನೀವು ಯಾರ ಪೈಕಿ? ನಿಮ್ಮಲ್ಲಿ ಏನೇನು ಪದ್ಧತಿ ಮಾಡ್ತೀರಿ?" ಎಂದು ಕೇಳುತ್ತಿದ್ದರು. ಎರಡು ಮನೆ ಕೈತಪ್ಪಿದ ಮೇಲೆ ನಾನು ಅತ್ತೆಗೆ ಒಂದು ವಾಕ್ಯವನ್ನು ಬಾಯಿಪಾಠ ಮಾಡಿಸಿದೆ. ಮೂರನೇ ಮನೆ ಸಿಕ್ಕಿತು.

ಈ ಫೆಬ್ರುವರಿಯಲ್ಲಿ ನಿಮ್ಮ ಅಧಿಕಾರಿ ಆ ಮನೆಗೆ ಬಂದರು. ಸಭ್ಯರು, ಚಹಾ ಕುಡಿದರು. ನಿಮ್ಮ ನಮೂನೆಯಲ್ಲಿ 'ಜನನ ಕಾಲದ ವಿಶೇಷ ಪದ್ಧತಿ' ಎಂಬ ಕಲಮು ಇದೆ, ಉತ್ತರಕ್ಕೆ ಎರಡು ಗೆರೆ. ಉತ್ತರ ಹೊಂದಿದರೆ ಮಾತ್ರ ನಾವು ಆ ಜಾತಿಯವರು. ಒಂದು ಜನಾಂಗಕ್ಕೆ ಎರಡು ಗೆರೆ ಧಾರಾಳವೇ. ರುತುಜಾ ತೊಟ್ಟಿಲು, ಕೇಕು ಎಂದಳು. ಅವಳಿಗೆ ಗೊತ್ತಿದ್ದದ್ದು ಅಷ್ಟೇ. ನಾನು ಬಾಯಿ ತೆರೆದಾಗ, "ತಾಯಿಯವರು ಹೇಳಿಕೊಡಬಾರದು" ಎಂದರು ಅಧಿಕಾರಿ. ಕಲ್ಲವ್ವನ ಕಡೆ ತಿರುಗಿದರು.

"ನಮ್ಮಲ್ಲಿ ಅಂಥಾದ್ದೇನೂ ಇಲ್ರಿ ಸಾಹೇಬ್ರ," ಎಂದರು ಕಲ್ಲವ್ವ, ಒಂದು ತಪ್ಪೂ ಇಲ್ಲದೆ. "ನಾವೂ ನಿಮ್ಮಂಗ ಅದೇವ್ರಿ."

ಅಧಿಕಾರಿ ಬರೆದುಕೊಂಡರು. ಅವರ ಬೈಕು ಓಣಿ ದಾಟುವ ಮೊದಲೇ ಅತ್ತೆ ನನ್ನನ್ನು ಕೇಳಿದರು, "ಬರೋಬರಿ ಹೇಳೇನಿಲ್ಲ ಯವ್ವಾ?"

ಬರೋಬರಿ ಹೇಳಿದಿರಿ ಎಂದೆ. ಬೇರೇನು ಹೇಳಬಹುದಿತ್ತು?

ವರದಿಯ ಪ್ರತಿ ಬಂದ ದಿನ ಮಗಳು ಅದನ್ನು ಗಟ್ಟಿಯಾಗಿ ಓದಿ, "ಅಜ್ಜಿ, ನೀ ನನ್ನ ಫೇಲ್ ಮಾಡಿದಿ ನೋಡ," ಎಂದು ನಕ್ಕಳು. ಕಲ್ಲವ್ವ ನಗಲಿಲ್ಲ. ಮಾಳಿಗೆಯ ಮೇಲಿಂದ ಹಳೆಯ ಸೀರೆಯಲ್ಲಿ ಸುತ್ತಿದ ಗಂಟೊಂದನ್ನು ಇಳಿಸಿದರು. ಅದೇ ಕುಂಚ. ಆಸ್ಪತ್ರೆಯ ಬಾಗಿಲಿನಿಂದ ತಿರುಗಿ ಹೋದದ್ದು. ಅದು ನಮ್ಮ ಮನೆಯಲ್ಲೇ ಇತ್ತೆಂದು ನನಗೆ ಗೊತ್ತಿರಲಿಲ್ಲ. ರುತುಜಾ ಅಜ್ಜಿಯ ಮುಂದೆ ಬೆನ್ನು ಮಾಡಿ ಕುಳಿತಳು.

"ಈಗರ ಎಳಿ ಅಜ್ಜಿ. ಅವ್ವ ಫೋಟೋ ತಗೀತಾಳ, ಸಾಹೇಬ್ರಿಗೆ ಕಳಸೂಣು."

"ಅದು ಐದನೇ ದಿನದ್ದು ಮಗಾ. ಹತ್ತೊಂಬತ್ತು ವರ್ಷದ ಬೆನ್ನಿಗಿ ಎಳದ್ರ ಅದು ನಾಟಕ ಆಗತೈತಿ."

ಮಾನ್ಯರೇ, ನಿಮ್ಮ ಅಧಿಕಾರಿಯ ಮುಂದೆ ಸುಳ್ಳು ಹೇಳಿದ ಮುದುಕಿ, ಸುಳ್ಳು ಸಾಕ್ಷ್ಯ ಸೃಷ್ಟಿಸಲು ಒಪ್ಪಲಿಲ್ಲ. ಇದನ್ನು ನಿಮ್ಮ ಯಾವ ಕಲಮಿನಲ್ಲಿ ತುಂಬುತ್ತೀರಿ? ಒಂದು ಜಾತಿಯವರು ಮನೆ ಸಿಗಲಿ, ಪಕ್ಕದವರು ತಮ್ಮ ಮನೆಯ ನೀರು ಕುಡಿಯಲಿ ಎಂದು ತಮ್ಮ ಗುರುತನ್ನು ಮಾಳಿಗೆಗೆ ಏರಿಸುತ್ತಾರೆ. ವರ್ಷಗಟ್ಟಲೆ ಯಾರೂ ಕೇಳುವುದಿಲ್ಲ. ಒಂದು ದಿನ ಸರ್ಕಾರ ಬಂದು, ಗುರುತು ಎಲ್ಲಿ, ಈಗಲೇ ತೋರಿಸು ಎನ್ನುತ್ತದೆ. ಮುಚ್ಚಿಟ್ಟದ್ದೇ ನಮ್ಮ ಅತ್ಯಂತ ಗಟ್ಟಿ ಪದ್ಧತಿ ಎಂದು ನಿಮ್ಮ ತಜ್ಞರಿಗೆ ಯಾರೂ ಹೇಳಲಿಲ್ಲವೇ?

ನಾನು ಕೆಲಸ ಮಾಡುವ ಗಿರಣಿ ಕಚೇರಿಯಲ್ಲಿ ನಾನು ಯಾರೆಂದು ಯಾರಿಗೂ ಗೊತ್ತಿಲ್ಲ. ಊಟದ ಡಬ್ಬಿ ಎಲ್ಲರೊಡನೆ ತೆರೆಯುತ್ತೇನೆ, ಮಾತು ಅಳೆದು ಆಡುತ್ತೇನೆ. ಗಂಡ ಸಿದ್ದರಾಯ ತೀರಿಕೊಂಡ ಮೇಲೆ ಈ ಸಂಗತಿಯನ್ನು ಯಾರಲ್ಲಿ ಹೇಳಬೇಕೆಂದು ಹೊಳೆಯಲಿಲ್ಲ. ಬಿಟ್ಟುಬಂದ ಜನ ನನ್ನವರಲ್ಲ, ಸೇರಿದ ಜನಕ್ಕೆ ನನ್ನ ಪರಿಚಯವಿಲ್ಲ. ಕೊನೆಗೆ ನಿಮಗೆ ಹೇಳುತ್ತಿದ್ದೇನೆ. ನನ್ನ ಒಂಟಿತನ ಯಾವ ಮಟ್ಟದ್ದೆಂದು ಇದರಿಂದಲೇ ತಿಳಿಯಬಹುದು.

ನನ್ನ ಬೇಡಿಕೆ ಇಷ್ಟೇ. ರುತುಜಾಳ ಅಜ್ಜನ ಜಾತಿ ಬರೆದಿರುವ 1948ರ ಶಾಲಾ ದಾಖಲೆ ನಿಮ್ಮ ಕಡತದಲ್ಲಿದೆ. ಅದರ ಮೇಲೆ ತೀರ್ಮಾನಿಸಿ. ಕಲ್ಲವ್ವನ ಮಾತನ್ನು ಮಗಳ ವಿರುದ್ಧದ ಸಾಕ್ಷ್ಯದಿಂದ ತೆಗೆಯಿರಿ. ಜೂನ್ 23ರಂದು ನನ್ನನ್ನು ಕರೆದು, ಮುಚ್ಚಿಟ್ಟವಳು ಇವಳು ಎಂದು ನನ್ನ ಹೆಸರಿನ ಮುಂದೆ ಬರೆದುಕೊಳ್ಳಿ. ಸಹಿ ಹಾಕುತ್ತೇನೆ.

ಮರಾಠಿ ಪ್ರತಿಯನ್ನು ಲಗತ್ತಿಸಿದ್ದೇನೆ. ಮೊದಲು ಕನ್ನಡದಲ್ಲಿ ಬರೆದದ್ದು ಅತ್ತೆಗೆ ಓದಿ ಹೇಳಲಿಕ್ಕಾಗಿ. ಬರೋಬರಿ ಹೇಳಿದಿರಿ ಎಂದಿದ್ದೆನಲ್ಲ, ಅದು ಬರೋಬರಿ ಇರಲಿಲ್ಲವೆಂದು ಅವರಿಗೆ ಇನ್ನೂ ಹೇಳಿಲ್ಲ. ಭಾನುವಾರ ಅವರ ಮುಂದೆ ಕುಳಿತು ಓದುತ್ತೇನೆ.

ಇಂತಿ,
ಪಾಠ ಚೆನ್ನಾಗಿ ಕಲಿಸಿದ ಸೊಸೆ,
ಇಚಲಕರಂಜಿ

ಅಂಚೆಗೆ ಹಾಕುವುದು: ಅತ್ತೆ ಇದನ್ನು ಕೇಳಿಸಿಕೊಂಡ ಮರುದಿನ, ಸೋಮವಾರ, 16 ಜೂನ್ 2025.