ಮಲ್ಲಿಕಾಳ ಮುಖಕವಚ

ಕಲಬುರಗಿ
ಶುಕ್ರವಾರ

ಕಮಲಾಪುರದ ದೇವೀಂದ್ರಪ್ಪನವರಿಗೆ ನಮಸ್ಕಾರ.

ನಿಮ್ಮ ಮಗಳು ಮಲ್ಲಿಕಾಳ ಹಾಕಿ ಆಟ ಹೇಗಿದೆ ಎಂದು ಕೇಳಿದ್ದಿರಿ. ಈ ವರ್ಷ ತುಂಬಾ ಸುಧಾರಿಸಿದ್ದಾಳೆ. ಎದುರಾಳಿ ಎಷ್ಟೇ ಆಟವಾಡಿಸಿದರೂ ಜಾಗ ಬಿಡುವುದಿಲ್ಲ. ಆಕೆ ರಕ್ಷಣೆಗೆ ನಿಂತರೆ ನಮ್ಮ ಗೋಲ್‌ಕೀಪರ್‌ಗೆ ಅರ್ಧ ಕೆಲಸ ಕಡಿಮೆ.

ಆದರೆ ನನಗೊಂದು ಅನುಮಾನ. ಪೆನಾಲ್ಟಿ ಕಾರ್ನರ್ ತಡೆಯಲು ಎಲ್ಲರಿಗಿಂತ ಮುಂದೆ ಓಡುವವಳು ಆಕೆಯೇ. ಚೆಂಡು ನೇರ ಮುಖಕ್ಕೇ ಬರಬಹುದು. ಅದಕ್ಕೇ ಮುಖಕವಚ ಕೊಡುತ್ತೇವೆ. ಕಳೆದ ವಾರ ನೀವು ಬಂದು ಹೋದಾಗಿನಿಂದ ಆಕೆ ಅದನ್ನು ಹಾಕಿಕೊಳ್ಳುತ್ತಿಲ್ಲ. "ಬಿಗಿ ಆಗ್ತದ್ರಿ" ಎನ್ನುತ್ತಾಳೆ. ದೊಡ್ಡದು ಕೊಟ್ಟೆ, ಅದೂ ಬಿಗಿಯಂತೆ! ನಾನೂ ಇದೇ ಜಾಗದಲ್ಲಿ ಆಡಿದವಳು, ನನಗೆ ಗೊತ್ತಾಗದೆ?

ನಿನ್ನೆ ಕೇಳಿದಳು: "ಮೇಡಂ, ಮಾರಿಗಿ ಹೊಲಿಗಿ ಬಿದ್ರ ಕಲೆ ಹಂಗೇ ಉಳೀತದೇನ್ರಿ?" ಈಗಿನ ಡಾಕ್ಟರುಗಳು ಕಲೆ ಉಳಿಯದ ಹಾಗೆ ಹೊಲಿಯುತ್ತಾರೆ ಎಂದೆ. ಆಕೆಗೆ ಸಮಾಧಾನವಾಗಬೇಕಿತ್ತು. ಮುಖ ಸಣ್ಣದು ಮಾಡಿಕೊಂಡು ಹೋದಳು.

ಭಾನುವಾರ ತಪ್ಪದೆ ಹಾಸ್ಟೆಲ್‌ನಿಂದ ಮನೆಗೆ ಕಳಿಸಿ ಎಂದಿದ್ದೀರಿ. ಮೊದಲು ನನಗೆ ಉತ್ತರ ಕೊಡಿ. ಅಲ್ಲಿಯವರೆಗೆ ಆಕೆ ಮೈದಾನಕ್ಕೂ ಇಳಿಯುವುದಿಲ್ಲ, ಕಮಲಾಪುರದ ಬಸ್ಸೂ ಹತ್ತುವುದಿಲ್ಲ.

ಪಿಯುಸಿಯೂ ಮುಗಿಸದ ಹುಡುಗಿಯನ್ನು ನೋಡಲು ಯಾರು ಬರುತ್ತಿದ್ದಾರೆ?

ಉತ್ತರಕ್ಕೆ ಕಾದಿರುವ,
ತೂಬಾ
ಹಾಕಿ ಕೋಚ್